ರಾಜನ ಒಂದೇ ಒಂದು ಜಿಗಿತ

"ರಾಜನ್ನ ಕುದುರೆ ಹಂಗೆ ಜಿಗಿಸ್ರಿ! ಉಳ್ಕಂತಾನೆ!"

ಬೆನ್ನ ಹಿಂದಿನ ಹೆಣ್ಣುದನಿಗೆ ಹಾಲಸ್ವಾಮಿ ಬೆಚ್ಚಿಬಿದ್ದ. ಚಿಕ್ಕಜಾಜೂರು ಸ್ಟೇಷನ್ನಿನ ಬುಕಿಂಗ್ ಕ್ಲಾರ್ಕ್ ಅವನು. ಡ್ಯೂಟಿ ಮುಗಿಸಿ, ಪ್ಲಾಟ್‌ಫಾರಂ ಬೆಂಚಿನ ಮೇಲೆ ಚೆಸ್ ಮಣೆ ಹರಡಿಕೊಂಡಿದ್ದ. ಹಿಂದೆಂದೋ ಒಬ್ಬ ಗ್ರ್ಯಾಂಡ್‌ಮಾಸ್ಟರ್ ಸೋತ ಪ್ರಸಿದ್ಧ ಆಟವನ್ನು ಪುಸ್ತಕ ನೋಡಿ ನಡೆಸುತ್ತಾ, ಆ ಮಹಾಶಯ ಎಡವಿದ್ದೆಲ್ಲಿ ಎಂದು ಹುಡುಕುತ್ತಿದ್ದ.

"ರಾಜ ಜಿಗಿಯೋದಾ? ಯಾವೂರ ಆಟ ರೀ ಇದು?"

"ನಮ್ಮ ಕಾಟಯ್ಯಜ್ಜ ಕುರಿ ಕಾಯ್ತಾ ಕಲ್ಸಿದ್ದು. ರಾಜ ಒಂದೇ ಒಂದ್ಸಲ ಜಿಗಿಬೋದು. ಅದೂ ಚೆಕ್ ಬೀಳಾಕೆ ಮುಂಚೆ. ಬಿದ್ಮೇಲೆ ಇಲ್ಲ."

"ಪುಸ್ತಕದಾಗೆ ಹಂಗಿಲ್ಲ."

"ಪುಸ್ತಕ ಬರೆದೋರು ಕುರಿ ಕಾದಿದ್ರಾ?"

ಅವಳು ಉಚ್ಚಂಗಮ್ಮ, ಅಲ್ಲಿನ ಶಾಲೆಯ ಮೇಡಂ. ದಿನಾ ಸಂಜೆ ಹೊಳಲ್ಕೆರೆಗೆ ಹೋಗುವ ರೈಲಿಗೆ ಕಾಯುವವಳು. ರೈಲು ಎಂದೂ ಹೊತ್ತಿಗೆ ಬರುತ್ತಿರಲಿಲ್ಲ, ಪುಣ್ಯಕ್ಕೆ.

ಆರು ತಿಂಗಳು! ಅದೇ ಬೆಂಚು, ಅದೇ ಆಟ. ಗ್ರ್ಯಾಂಡ್‌ಮಾಸ್ಟರ್ ಮಾಡಿದ ಹನ್ನೊಂದು ತಪ್ಪು ಹುಡುಕಿದ ಈ ಜಾಣನಿಗೆ ಎದುರು ಕೂತವಳ ಕಣ್ಣು ಮಾತ್ರ ಕಾಣಲಿಲ್ಲ. ಉಚ್ಚಂಗಮ್ಮನಿಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು. 'ಇವನನ್ನೇ ಮೆಚ್ಚಬೇಕಿತ್ತಾ ನಾನು...?'

ಕೊನೆಗೆ ಒಂದು ಶುಕ್ರವಾರ ಅವಳೇ ಬಾಯಿಬಿಟ್ಟಳು.

"ಭಾನುವಾರ ಧರ್ಮಪುರದೋರು ನನ್ನ ನೋಡಾಕೆ ಬರ್ತಾರೆ."

ಹಾಲಸ್ವಾಮಿ ಎತ್ತಿದ ಆನೆಯನ್ನು ಇದ್ದ ಮನೆಯಲ್ಲೇ ಮತ್ತೆ ಇಟ್ಟ. ಒಪ್ಪಿಗೆಯಿದ್ದೇ ಹೇಳುತ್ತಿದ್ದಾಳೆ ಅಂದುಕೊಂಡ ಪೆದ್ದ.

"ಒಳ್ಳೇದಾಗ್ಲಿ ರೀ... ಹದಿನೆಂಟನೇ ನಡೆಯಾಗೆ ಈ ಆನೆ ಇಟ್ಟಿದ್ದೇ ತಪ್ಪು ಅನ್ಸತೈತೆ."

"ನಿಮ್ಮ ಆನೆ ಹಾಳಾಗ್ ಹೋಗ್ಲಿ!"

ರೈಲಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತಲ್ಲ ತನ್ನ ಪ್ರೀತಿ!

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹೊಳಲ್ಕೆರೆಯ ಮನೆಯಲ್ಲಿ ಉಪ್ಪಿಟ್ಟಿನ ರವೆ ಹುರಿಯುತ್ತಿದ್ದಳು. ಜಗಲಿಯಲ್ಲಿ ಪರಿಚಿತ ದನಿ.

"ಅಜ್ಜಾರೇ, ಆ ರಾಜ ಜಿಗಿಯೋದು... ನಿಮ್ಮನ್ನೇ ಕೇಳಾಣ ಅಂತ ಬಂದೆ."

ಅಯ್ಯೋ ದೇವರೇ! ಇವತ್ತೂ ಆಟವಾ? ಸೌಟು ಹಿಡಿದೇ ಬಾಗಿಲಿಗೆ ಬಂದಳು. ಕಂಕುಳಲ್ಲಿ ಮಣೆ ಇಟ್ಟುಕೊಂಡು, ಹರಳೆಣ್ಣೆ ಕುಡಿದವನ ಮುಖ ಮಾಡಿಕೊಂಡು ನಿಂತಿದ್ದ.

"ಚೆಕ್ ಬೀಳಾಕೆ ಮುಂಚೆ ಜಿಗಿಬೇಕಪ್ಪ," ಎಂದ ಅಜ್ಜ.

"ಧರ್ಮಪುರದೋರು ಬಂದ್ರಾ?"

"ಹನ್ನೊಂದಕ್ಕೆ ಬರ್ತಾರೆ."

"ಹಂಗಾದ್ರೆ ಜಿಗೀತೀನಿ!" ಹಾಲಸ್ವಾಮಿ ಕಣ್ಣು ಮುಚ್ಚಿಕೊಂಡ. "ನಿಮ್ಮ ಮೊಮ್ಮಗಳನ್ನ ನನಗೆ ಕೊಡ್ರಿ. ನಮ್ಮದೂ ಕುರಿ ಕಾಯೋ ಮನೆತನನೇ. ನಿಮ್ಮ ಗೋತ್ರ-ಬೆಡಗು ಬೇರೆ, ನಮ್ಮದು ಬೇರೆ, ಸಂಬಂಧ ಆಗತೈತೆ. ಮೂರು ತಿಂಗಳ ಹಿಂದೇನೇ ವಿಚಾರಿಸೀನಿ."

ಮೂರು ತಿಂಗಳು! ಬೆಡಗು ವಿಚಾರಿಸಲು ಪುರುಸೊತ್ತಿತ್ತು, ತನ್ನನ್ನು ಒಂದು ಮಾತು ಕೇಳಲು ಇರಲಿಲ್ಲ! ಉಚ್ಚಂಗಮ್ಮನಿಗೆ ಸೌಟು ಎಸೆಯಬೇಕೆನ್ನಿಸಿತು, ಅಳು ಬಂತು, ನಗುವೂ ಬಂತು.

"ಲೇ ಉಚ್ಚಂಗಿ, ನೀ ಏನಂತೀಯವ್ವ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಹೂಂ ಎಂದು ತಲೆಯಾಡಿಸಿದಳು.

"ಬಸ್ಸು ಹತ್ತಿ ಬರ್ತಿರೋರಿಗೆ ನಾನೇನಂತ ಹೇಳ್ಲಿ? ಒಬ್ರಿಗೂ ಹೊತ್ತು ಗೊತ್ತು ಬ್ಯಾಡ್ವಾ?" ಗೊಣಗುತ್ತಲೇ ಅಜ್ಜ ರುಮಾಲು ಸುತ್ತಿಕೊಂಡು, ಕೈಮುಗಿದು ತಪ್ಪು ಒಪ್ಪಿಕೊಳ್ಳಲು ಬಸ್ ಸ್ಟ್ಯಾಂಡಿನ ದಾರಿ ಹಿಡಿದ.

ಇಬ್ಬರೇ ಉಳಿದರು. ಅವಳೇ ಕೆಣಕಿದಳು.

"ಪುಸ್ತಕದಾಗೆ ಹಂಗಿಲ್ಲ ಅಂದಿದ್ರಿ?"

"ಅಜ್ಜಾರ ಆಟನೇ ಸರಿ ಕಣ್ರಿ... ಹೇಳ್ರಿ, ನಾನು ತಪ್ಪಿದ್ದು ಎಷ್ಟನೇ ನಡೆಯಾಗೆ?"

"ಮೊದಲ್ನೇದ್ರಾಗೇ! ಆವತ್ತು ಜಿಗಿಸ್ರಿ ಅಂತ ಬಾಯಿಬಿಟ್ಟು ಹೇಳಿದ್ನಲ್ರೀ... ಕುಂತ್ಕಳ್ರಿ, ಉಪ್ಪಿಟ್ಟು ತರ್ತೀನಿ."