ಮೂರನೇ ಲೇನಿನ ಮನುಷ್ಯ

ನವೆಂಬರ್ ಒಂಬತ್ತನೇ ತಾರೀಕು, ಗುರುವಾರ. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ನಾರ್ತ್ ಡಕೋಟಾದ ಎಲ್ಸ್‌ಬಿ ಕೌಂಟಿಯ ಶೆರಿಫ್ ಕಚೇರಿಗೆ ಲೈಲ್ ಓಮೊಟ್ ಬಂದು ದೂರು ಕೊಟ್ಟರು. ವಯಸ್ಸು ಎಪ್ಪತ್ತೊಂದು. ಊರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮರಗೆಲಸ, ಕಬ್ಬಿಣದ ಕೆಲಸ ಕಲಿಸಿ ನಿವೃತ್ತರಾದವರು. ಈಗ ಒಂದು ಸಣ್ಣ ಮಾಸಪತ್ರಿಕೆಗೆ ಅಗ್ಗದ ಪಿಸ್ತೂಲುಗಳನ್ನು ಪರೀಕ್ಷಿಸಿ ಬರೆಯುತ್ತಿದ್ದರು. ಹಾಗೆ ಪರೀಕ್ಷೆಗೆ ಬಂದಿದ್ದ ಪಿಸ್ತೂಲೊಂದು ಶೂಟಿಂಗ್ ರೇಂಜಿನಲ್ಲೇ ಕಳುವಾಗಿತ್ತು.

ದೂರು ಬರೆದುಕೊಂಡವಳು ಸಾರ್ಜೆಂಟ್ ಮಾರ್ಲಿಸ್ ಕೆಸ್ಲರ್. ಇಪ್ಪತ್ತೆಂಟು ವರ್ಷದ ಹಿಂದೆ ಅವರ ಕೈಕೆಳಗೆ ಕಲಿತವಳು.

"ಎಂಥ ಪಿಸ್ತೂಲು ಮೇಷ್ಟ್ರೇ?"

"ಒಂಬತ್ತು ಎಂಎಂ, ಸೆಮಿ ಆಟೊಮ್ಯಾಟಿಕ್. ದೊಡ್ಡದೂ ಅಲ್ಲ, ಜೇಬಲ್ಲಿಡೋ ಅಷ್ಟು ಚಿಕ್ಕದೂ ಅಲ್ಲ. ಮುನ್ನೂರ ಇಪ್ಪತ್ತೊಂಬತ್ತು ಡಾಲರ್. ನಂಬರ್ ಇಲ್ಲಿದೆ, ಬರ್ಕೋ. ಸರಿಯಾಗಿ ಬರಿ, ನಿಂಗೆ ಅಳತೆ ತಪ್ಪೋ ಅಭ್ಯಾಸ."

"ಯಾವಾಗ ಹೋಯ್ತು?"

"ಒಂದೂ ಮುಕ್ಕಾಲಿಗೆ ಕಾಫಿಗೆ ಅಂತ ಎದ್ದೆ. ಎರಡಕ್ಕೆ ಹತ್ತು ನಿಮಿಷ ಇರೋವಾಗ ವಾಪಸ್ ಬಂದೆ. ಪೆಟ್ಟಿಗೆ ಇತ್ತು, ಪಿಸ್ತೂಲಿರ್ಲಿಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ." ಅವರು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. "ಇವತ್ತೇ ಸಿಗುತ್ತಾ?"

"ನೋಡೋಣ. ಅಷ್ಟು ಅವಸರವಾ?"

"ಕೆಲಸ ಅರ್ಧಕ್ಕೆ ಬಿಡೋದು ನಂಗಾಗಲ್ಲ" ಎಂದು ಓಮೊಟ್ ಸಹಿ ಹಾಕಿ ಎದ್ದರು.

ಎರಡೂವರೆಗೆ ಮಾರ್ಲಿಸ್ ತನ್ನ ಜೊತೆಗಾರ ವೇಡ್‌ನನ್ನು ಕರೆದುಕೊಂಡು ಹೊರಟಳು. ರೇಂಜ್ ಇದ್ದದ್ದು ಊರಾಚೆ, ಹಳೆಯ ಟ್ರ್ಯಾಕ್ಟರ್ ಶೆಡ್ಡಿನಲ್ಲಿ. ಸುತ್ತ ಕೊಯ್ಲಾದ ಗೋಧಿ ಹೊಲ; ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಒಳಗೆ ಗುಂಡು ಹಾರಿಸಲು ಅಕ್ಕಪಕ್ಕ ಆರು ಲೇನು, ಒಂದು ಕೌಂಟರು, ಒಂದು ಕಾಫಿ ಮಷೀನು. ಮಾಲಕಿ ಕಾನಿ ಬ್ರುಡ್ವಿಕ್ ಕೌಂಟರಿನ ಹಿಂದೆ ಕೈಕಟ್ಟಿ ನಿಂತಿದ್ದಳು.

"ಇಷ್ಟು ವರ್ಷದಲ್ಲಿ ಇಲ್ಲಿಂದ ಒಂದು ಕಿವಿಮುಚ್ಚಳ ಕೂಡ ಕಳುವಾಗಿಲ್ಲ, ಮಾರ್ಲಿಸ್. ನಂಗೆ ನಾಚಿಕೆ ಆಗ್ತಿದೆ."

ಸ್ಥಳ ಮಹಜರು ಮುಗಿಸಲು ಅರ್ಧ ಗಂಟೆ ಹಿಡಿಯಿತು. ಓಮೊಟ್ ನಿಂತಿದ್ದು ನಾಲ್ಕನೇ ಲೇನಿನಲ್ಲಿ. ಮೇಜಿನ ಮೇಲೆ ತೆರೆದ ಪ್ಲಾಸ್ಟಿಕ್ ಪೆಟ್ಟಿಗೆ, ಎರಡು ಡಬ್ಬಿ ಗುಂಡು, ಟ್ರಿಗರಿನ ಬಿಗಿ ಅಳೆಯುವ ಪುಟ್ಟ ತಕ್ಕಡಿ, ಗುರಿಹಲಗೆ ನೋಡಲು ಆರುನೂರು ಡಾಲರಿಗೆ ಕಡಿಮೆಯಿಲ್ಲದ ದೂರದರ್ಶಕ, ಒಂದು ನೋಟ್‌ಬುಕ್ಕು.

"ಕಳ್ಳ ದಡ್ಡ" ಎಂದ ವೇಡ್. "ಬೆಲೆಬಾಳೋದನ್ನ ಬಿಟ್ಟು ಅಗ್ಗದ ಪಿಸ್ತೂಲು ಎತ್ಕೊಂಡಿದ್ದಾನೆ. ಅದೂ ಗುಂಡಿಲ್ಲದೆ."

ಮಾರ್ಲಿಸ್ ಕೈಗವಸು ಹಾಕಿಕೊಂಡು ನೋಟ್‌ಬುಕ್ ತೆರೆದಳು. ಮೇಷ್ಟ್ರ ಅಕ್ಷರ ಬೋರ್ಡಿನ ಮೇಲೆ ಬರೆದಷ್ಟೇ ಸ್ಪಷ್ಟವಾಗಿತ್ತು.

"ಏಳು ಗಜ: ಹತ್ತು ಗುಂಡು ಒಂದು ಅಂಗೈಯಷ್ಟು ಜಾಗದಲ್ಲಿ. ಹದಿನೈದು ಗಜ: ಎಡಕ್ಕೆ ಎರಡು ಅಂಗುಲ ಸರಿಯುತ್ತದೆ, ಮುಂದಿನ ಗುರಿಕಡ್ಡಿ ಸರಿಯಾಗಿ ಕೂತಿಲ್ಲ. ಇನ್ನೂರು ಗುಂಡಿಗೆ ಎರಡು ಸಲ ಸಿಕ್ಕಿಕೊಂಡಿತು. ಟ್ರಿಗರ್ ಮರಳು ಅರೆದಂತೆ. ಹಿಡಿ ಒಳ್ಳೆಯದು, ಚಳಿಗಾಲದ ಕೈಗವಸಿನಲ್ಲೂ ಜಾರುವುದಿಲ್ಲ. ಕೊಟ್ಟ ಬೆಲೆಗೆ ಮೋಸವಿಲ್ಲ. ಆದರೆ ನನ್ನ ಮನೆಗೆ ನಾನು ಇದನ್ನು ಕೊಳ್ಳಲಾರೆ."

"ಪರೀಕ್ಷೆ ಆದ್ಮೇಲೆ ಇದನ್ನೇನು ಮಾಡ್ತಾರೆ?" ಮಾರ್ಲಿಸ್ ಕೇಳಿದಳು.

"ನನ್ನ ಮೂಲಕ ಕಂಪನಿಗೆ ವಾಪಸ್" ಎಂದಳು ಕಾನಿ. "ಬೇಕಾದ್ರೆ ದುಡ್ಡು ಕೊಟ್ಟು ಇಟ್ಕೋಬಹುದು. ಲೈಲ್ ಯಾವತ್ತೂ ಇಟ್ಕೊಂಡೋರಲ್ಲ. ಇದೊಂದನ್ನ ಮಾತ್ರ ಇಟ್ಕೋತೀನಿ ಅಂದ್ರು, ಇವತ್ತು ಬೆಳಿಗ್ಗೆ. ಇಲ್ಲೇ ನಿಂತು."

"ಆಗ ಯಾರಿದ್ರು?"

"ಓರಿನ್ ಟ್ವೆಟ್ ಇದ್ರು, ಕಾಫಿ ಬಗ್ಗಿಸ್ಕೊಳ್ತಾ. ರೈಲ್ವೇಲಿ ಇದ್ದೋರು, ಮೂರನೇ ಲೇನು. ಇವತ್ತು ಬಂದಿದ್ದೇ ಅವರಿಬ್ಬರು."

"ಇಬ್ಬರೂ ಸ್ನೇಹಿತರಾ?"

ಕಾನಿ ನಕ್ಕಳು. "ಹನ್ನೊಂದು ವರ್ಷದಿಂದ ಗುರುವಾರ ಗುರುವಾರ ಅಕ್ಕಪಕ್ಕ ನಿಲ್ತಾರೆ. ಒಬ್ರು ತಲೆ ಆಡಿಸಿದ್ರೆ ಇನ್ನೊಬ್ರೂ ಆಡಿಸ್ತಾರೆ. ತುಂಬಾ ಆದ್ರೆ 'ಚಳಿ ಜಾಸ್ತಿ' ಅಂತಾರೆ. ಅದನ್ನ ಸ್ನೇಹ ಅಂತ ಬರ್ಕೋತೀಯೋ ಏನೋ, ನಿಂಗೆ ಬಿಟ್ಟಿದ್ದು."

ಬಾಗಿಲ ಕ್ಯಾಮೆರಾದ ದೃಶ್ಯದಲ್ಲಿ ಟ್ವೆಟ್ ಒಂದು ಗಂಟೆ ನಲವತ್ತೊಂಬತ್ತು ನಿಮಿಷಕ್ಕೆ ಹೊರಗೆ ಹೋಗುವುದು ಕಂಡಿತು. ಬೇರೆ ಗುರುವಾರಗಳಲ್ಲಿ ಮೂರರ ತನಕ ಇರುತ್ತಿದ್ದವನು. ಕೈಯಲ್ಲಿ ಚೀಲ, ಅದನ್ನು ಎದೆಗೆ ಒತ್ತಿಕೊಂಡಿದ್ದ.

ಹೊರಡುವಾಗ ಬಾಗಿಲ ಪಕ್ಕದ ಸೂಚನಾ ಫಲಕದ ಮೇಲೆ ಮಾರ್ಲಿಸಳ ಕಣ್ಣು ಬಿತ್ತು. ಮಾರಾಟದ ಚೀಟಿಗಳು. ಮೇಷ್ಟ್ರ ಅಕ್ಷರದ ಚೀಟಿಯೂ ಒಂದಿತ್ತು: "ಒಂಬತ್ತು ವರ್ಷದ ನಾಯಿ, ಸಾಧು. ಒಳ್ಳೆಯ ಮನೆಗೆ ಉಚಿತ." ಅವಳು ಓದಿ ಮುಂದೆ ನಡೆದಳು.

ವೇಡ್ ಕಚೇರಿಗೆ ಹೋದ. ಮಾರ್ಲಿಸ್ ಒಬ್ಬಳೇ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಟ್ವೆಟ್‌ನ ಮನೆ ತಲುಪಿದಳು. ರೈಲು ಹಳಿಯ ಪಕ್ಕದ ಒಂಟಿ ಮನೆ. ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಅರವತ್ತೆಂಟು ವಯಸ್ಸಿನ, ಎತ್ತರದ ಮನುಷ್ಯ; ಮನೆಯೊಳಗೂ ಕೋಟು ತೆಗೆದಿರಲಿಲ್ಲ.

"ನೀವು ಬರ್ತೀರಿ ಅಂತ ಗೊತ್ತಿತ್ತು."

"ಪಿಸ್ತೂಲು ಎಲ್ಲಿದೆ?"

"ಅಡುಗೆಮನೆ ಮೇಜಿನ ಮೇಲೆ. ಖಾಲಿ ಇದೆ, ಸ್ಲೈಡ್ ಹಿಂದಕ್ಕೆಳೆದು ಇಟ್ಟಿದ್ದೀನಿ."

ಪಾತ್ರೆ ಒರೆಸುವ ಬಟ್ಟೆಯ ಮೇಲೆ ಅದು ಬಿದ್ದಿತ್ತು. ಪಕ್ಕದಲ್ಲಿ ಮುಟ್ಟದೆ ಆರಿದ ಆಲೂಗಡ್ಡೆ ಸೂಪು, ಒಂದೇ ಚಮಚ. ಮಾರ್ಲಿಸ್ ನಂಬರ್ ತಾಳೆ ನೋಡಿ, ಪಿಸ್ತೂಲನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದಳು. ಕಾನೂನಿನಂತೆ ಅವನಿಗೆ ಹೇಳಬೇಕಾದದ್ದನ್ನೆಲ್ಲ ಹೇಳಿದಳು: ಸುಮ್ಮನಿರಬಹುದು, ವಕೀಲರನ್ನು ಕರೆಸಬಹುದು.

"ವಕೀಲ ಬೇಡ" ಎಂದ ಟ್ವೆಟ್. "ನಾನೇ ತಗೊಂಡೆ."

"ಮಾರೋಕಾ?"

"ಅಲ್ಲ."

"ಮತ್ಯಾಕೆ?"

ಅವನು ಕುರ್ಚಿ ಎಳೆದುಕೊಂಡು ಕೂತ. ಮಾತಾಡಿ ಅಭ್ಯಾಸವಿಲ್ಲದವನ ಹಾಗೆ ಒಂದೊಂದೇ ಪದವನ್ನು ಹುಡುಕುತ್ತಿದ್ದ.

"ಜುಲೈಯಿಂದ ಫಲಕದ ಮೇಲೆ ಅವರ ಚೀಟಿ ಬರೋಕೆ ಶುರುವಾಯ್ತು. ಮೊದಲು ಒಂದು ಬೇಟೆ ಬಂದೂಕು. ಆಮೇಲೆ ಇನ್ನೊಂದು. ಒಟ್ಟು ಐದು. ಎಲ್ಲಾ ಮಾರಿದ್ರು. ಬಂದೂಕು ಇಡೋ ಬೀರುನೂ ಮಾರಿದ್ರು. ವಯಸ್ಸಾಯ್ತು, ಸಾಕಾಗಿರ್ಬೇಕು ಅನ್ಕೊಂಡೆ. ಹೋದ ವಾರ ನಾಯಿ ಚೀಟಿ ಬಂತು."

ಮಾರ್ಲಿಸಳ ಪೆನ್ನು ನಿಂತಿತು.

"ನನ್ನ ತಮ್ಮ ಹಾಲ್ವರ್ ಹೀಗೇ ಮಾಡಿದ್ದ. ತೊಂಬತ್ನಾಲ್ಕರಲ್ಲಿ. ದೋಣಿ ಮಾರಿದ, ಮೀನಿನ ಬಲೆ, ಗಾಳ ಎಲ್ಲಾ ಕೊಟ್ಟ. ಕೊಂಡೋನ ಗಾಡಿಗೆ ದೋಣಿ ಕಟ್ಟಿಕೊಟ್ಟಿದ್ದೇ ನಾನು. ಕೊನೆಗೆ ನಾಯೀನ ಪಕ್ಕದ ಮನೆಗೆ ಕೊಟ್ಟ. ಯಾಕೋ ಅಂತ ಒಂದು ಮಾತು ಕೇಳ್ಲಿಲ್ಲ. ನಾಲ್ಕು ದಿನ ಆದ್ಮೇಲೆ ಹೋಗ್ಬಿಟ್ಟ." ಅವನು ಕಿಟಕಿಯತ್ತ ನೋಡಿದ. "ಇವತ್ತು ಈ ಮನುಷ್ಯ ಪಿಸ್ತೂಲು ಇಟ್ಕೋತೀನಿ ಅಂದ್ರು. ಇದ್ದಿದ್ದೆಲ್ಲ ಮಾರಿದೋರಿಗೆ, ಒಂದು ಕೆಟ್ಟ ಪಿಸ್ತೂಲು ಯಾಕೆ ಬೇಕು?"

ಮಾರ್ಲಿಸ್ ವೈರ್‌ಲೆಸ್ ಎತ್ತಿದಳು. "ವೇಡ್, ತಕ್ಷಣ ಲೈಲ್ ಓಮೊಟ್ ಮನೆಗೆ ಹೋಗು. ದೂರಲ್ಲಿ ಒಂದು ಸಹಿ ಬಿಟ್ಟುಹೋಗಿದೆ ಅಂತ ಹೇಳು. ಕಾಫಿ ಕೇಳು, ಏನಾದ್ರೂ ಮಾತಾಡ್ತಿರು. ನಾನು ಬರೋ ತನಕ ಅಲ್ಲಿಂದ ಏಳ್ಬೇಡ."

ಆಮೇಲೆ ಟ್ವೆಟ್‌ನ ಕಡೆ ತಿರುಗಿದಳು. "ಅವರ ಹತ್ರ ಮಾತಾಡಬಹುದಿತ್ತಲ್ಲ?"

"ಏನಂತ?"

"ಏನಾದ್ರೂ. ಇಲ್ಲ ಅಂದ್ರೆ ನಮಗೊಂದು ಫೋನ್ ಮಾಡಬಹುದಿತ್ತು."

"ಅಲ್ಲೇ ಪಕ್ಕದಲ್ಲಿ ನಿಂತು ಅರ್ಧ ಗಂಟೆ ಮಾತು ಹುಡುಕಿದೆ. ಬಾಯಿಗೆ ಬರ್ಲಿಲ್ಲ. ಅವರು ಕಾಫಿಗೆ ಎದ್ರು. ಕೈ ಚಾಚಿದ್ರೆ ಸಿಗ್ತಿತ್ತು." ಅವನು ಎರಡೂ ಕೈಗಳನ್ನು ಮುಂದಿಟ್ಟ. "ತಪ್ಪು ಅಂತ ಗೊತ್ತು. ಬೇಡಿ ಹಾಕಿ."

ಬೇಡಿ ಹಾಕಲಿಲ್ಲ. ನಾಲ್ಕು ಗಂಟೆ ಐವತ್ತೈದು ನಿಮಿಷಕ್ಕೆ ಓರಿನ್ ಟ್ವೆಟ್‌ನನ್ನು ಬಂದೂಕು ಕಳ್ಳತನದ ಆರೋಪದ ಮೇಲೆ ಬಂಧಿಸಿ, ಇನ್ನೊಬ್ಬ ಡೆಪ್ಯುಟಿಯ ಕಾರಿನಲ್ಲಿ ಕಳಿಸಿದಳು. ಅವನು ಹೊರಡುವ ಮುನ್ನ ಒಲೆ ಆರಿದೆಯೇ ಎಂದು ಒಮ್ಮೆ ನೋಡಿ ಬಂದ.

ಓಮೊಟ್‌ರ ಮನೆಗೆ ಬಂದಾಗ ಕತ್ತಲಾಗಿತ್ತು. ವೇಡ್ ಮೂರನೇ ಲೋಟ ಕಾಫಿ ಕುಡಿಯುತ್ತಾ ತನ್ನ ಟ್ರಕ್ಕಿನ ಗೇರ್‌ಬಾಕ್ಸಿನ ಕಥೆ ಹೇಳುತ್ತಿದ್ದ. ಮೇಷ್ಟ್ರ ಹೆಂಡತಿ ಆರ್ಡಿಸ್ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಗೋಡೆಗಳು ಖಾಲಿ. ಮೂಲೆಯಲ್ಲಿ ಪೆಟ್ಟಿಗೆಗಳು, ಒಂದೊಂದರ ಮೇಲೂ ಒಂದೊಂದು ಹೆಸರು. ನಾಯಿ ಮೇಷ್ಟ್ರ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು.

ಮಾರ್ಲಿಸ್ ಎದುರಿಗೆ ಕೂತಳು. ತರಬೇತಿಯಲ್ಲಿ ಹೇಳಿಕೊಟ್ಟಿದ್ದರು: ಸುತ್ತಿಬಳಸದೆ ಕೇಳಬೇಕು.

"ಮೇಷ್ಟ್ರೇ, ನೀವು ಸಾಯಬೇಕು ಅಂತಿದ್ದೀರಾ?"

ಅವರು ಮೂಲೆಯ ಪೆಟ್ಟಿಗೆಗಳ ಕಡೆ ನೋಡಿದರು.

"ಹೌದು."

ವೇಡ್ ಲೋಟ ಕೆಳಗಿಟ್ಟ.

"ನಮ್ಮಪ್ಪನ ಬಂದೂಕುಗಳನ್ನ ಅದಕ್ಕೆ ಬಳಸೋಕೆ ಮನಸ್ಸಾಗ್ಲಿಲ್ಲ" ಎಂದರು ಓಮೊಟ್. "ಅವು ಒಳ್ಳೆ ಕೈಗೆ ಹೋಗ್ಬೇಕಿತ್ತು." ಬಗ್ಗಿ ನಾಯಿಯ ಕಿವಿ ಸವರಿದರು. "ಇಷ್ಟು ದಿನದಲ್ಲಿ ಯಾರೂ ಕೇಳಿರ್ಲಿಲ್ಲ."

"ಈಗ ಕೇಳ್ತಿದ್ದೀನಿ. ನನ್ನ ಜೊತೆ ಆಸ್ಪತ್ರೆಗೆ ಬರ್ತೀರಾ? ನಾನೂ ಅಲ್ಲೇ ಇರ್ತೀನಿ."

"ನಾಯಿ?"

"ನನ್ನ ಮನೇಲಿರಲಿ" ಎಂದ ವೇಡ್. "ನೀವು ವಾಪಸ್ ಬರೋ ತನಕ. ಚೀಟೀಲಿ ಬರೆದ ಹಾಗೆ ಉಚಿತವಾಗಿ ಇಟ್ಕೊಳ್ಳಲ್ಲ, ಬಂದು ಕರ್ಕೊಂಡು ಹೋಗ್ಬೇಕು."

ಮೇಷ್ಟ್ರು ಎದ್ದು ಕೋಟು ಹಾಕಿಕೊಂಡರು. ಬಾಗಿಲಲ್ಲಿ ನಿಂತರು. "ಯಾರು ತಗೊಂಡಿದ್ದು ಅದನ್ನ?"

"ಮೂರನೇ ಲೇನಿನವರು."

"ಆ ಎತ್ತರದ ಮನುಷ್ಯನಾ?" "ಅವರ ಹೆಸರೇನು?"

ಮಾರ್ಲಿಸ್ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳು ಆಸ್ಪತ್ರೆಯಿಂದ ನೇರ ಕಚೇರಿಗೆ ಬಂದು ವರದಿ ಟೈಪ್ ಮಾಡಲು ಕೂತಳು. ದೂರು ವಾಪಸ್ ಪಡೆಯುತ್ತೇನೆಂದು ಓಮೊಟ್ ಮೂರು ಸಲ ಹೇಳಿದ್ದರು. ಅದು ಇನ್ನು ಸರ್ಕಾರಿ ವಕೀಲರ ಕೈಯಲ್ಲಿತ್ತು. ಟ್ವೆಟ್ ಜಾಮೀನು ಕೇಳಿರಲಿಲ್ಲ, ತಿಂಡಿ ತಿಂದಿರಲಿಲ್ಲ. ಆ ಮನುಷ್ಯ ಹೇಗಿದ್ದಾರೆ ಎಂದಷ್ಟೇ ಕಾವಲಿನವನನ್ನು ಕೇಳಿದ್ದ. ಸ್ಥಳ, ಸಮಯ, ಜಪ್ತಿಯಾದ ವಸ್ತು, ಪಿಸ್ತೂಲಿನ ನಂಬರ್ ಎಲ್ಲವೂ ಸಲೀಸಾಗಿ ಮುಗಿದವು. ಕೃತ್ಯದ ಉದ್ದೇಶ ಎಂಬ ಕಡೆ ಬೆರಳು ನಿಂತಿತು. ಎರಡು ಸಲ ಬರೆದು ಅಳಿಸಿದಳು. ಕೊನೆಗೆ ಒಂದೇ ಸಾಲು ಬರೆದು ಸಹಿ ಹಾಕಿದಳು:

"ಫಿರ್ಯಾದುದಾರರ ಪ್ರಾಣ ಉಳಿಸಬೇಕೆಂದಿದ್ದ ಆರೋಪಿಗೆ, ಅವರನ್ನು ಮಾತಾಡಿಸುವುದಕ್ಕಿಂತ ಕದಿಯುವುದು ಸುಲಭವಾಗಿ ಕಂಡಿದೆ."