ಎರಡು ಮೀಟರುಗಳ ನಡುವೆ

ಸೋಮವಾರ ಬೆಳಿಗ್ಗೆ ಠಾಣೆ ಗುಡಿಸಿ ಮುಗಿಯುವ ಮೊದಲೇ ಜೆಪ್ಪುವಿನ ಮೊರಿಸ್ ದೂರು ಹಿಡಿದು ಬಂದರು. ಮಗಳ ಬಾಣಂತನಕ್ಕೆಂದು ಮನೆಗೆ ಬೀಗ ಹಾಕಿ ಗಂಡ ಹೆಂಡತಿ ದೋಹಾಕ್ಕೆ ಹೋಗಿ ನಿನ್ನೆಯಷ್ಟೇ ಮರಳಿದ್ದರು. ಮನೆಯ ಮಾಡಿನ ಮೇಲಿನ ಸೋಲಾರ್ ಎಷ್ಟು ಕರೆಂಟು ಕೊಟ್ಟಿತೆಂದು ಒಂದು ಮೀಟರು ತೋರಿಸುತ್ತದೆ, ಅದರಲ್ಲಿ ಬೀದಿಯ ಲೈನಿಗೆ ಎಷ್ಟು ಹೋಯಿತೆಂದು ಗೇಟಿನ ಮೀಟರು. ಎರಡೂ ತಾಳೆಯಾಗುತ್ತಿಲ್ಲ.

"ಮನೆಯಲ್ಲಿ ಒಂದು ಬಲ್ಬೂ ಉರಿದಿಲ್ಲ ಸರ್. ಕರೆಂಟ್ ಎಲ್ಲಿಗೆ ಹೋಯ್ತು?"

ಇನ್‌ಸ್ಪೆಕ್ಟರ್ ಹಿತೇಶನಿಗೆ ನಗು ಬಂತು. ಚಿನ್ನ ಕದ್ದವರನ್ನು ಹಿಡಿಯಲು ಪುರುಸೊತ್ತಿಲ್ಲ, ಈಗ ಬಿಸಿಲು ಕದ್ದವನ ಕೇಸು. ಎಫ್‌ಐಆರ್ ದಾಖಲಿಸಿ, ಹತ್ತೂವರೆಗೆ ಹೆಡ್ ಕಾನ್‌ಸ್ಟೇಬಲ್ ನೋಣಯ್ಯನೊಂದಿಗೆ ಸ್ಥಳಕ್ಕೆ ಹೊರಟ.

ಮನೆಯೊಳಗಿನ ಮೇನ್ ಆರಿಸಿದರು. ಆದರೂ ಸೋಲಾರ್ ಮೀಟರು ತೋರಿಸಿದಷ್ಟು ಗೇಟಿನದ್ದು ತೋರಿಸಲಿಲ್ಲ.

"ನಡುವೆ ಯಾರೋ ಎಳೀತಿದ್ದಾರೆ. ಗೇಟಿನ ಸ್ವಿಚ್ಚೂ ತೆಗೀರಿ, ಸೋಲಾರೂ ನಿಲ್ತದೆ."

ನೋಣಯ್ಯ ಗೇಟಿನ ಸ್ವಿಚ್ಚು ಇಳಿಸಿದ್ದೇ ತಡ, ಪಕ್ಕದ ಮನೆಯಿಂದ ಬೀಪ್ ಸದ್ದು ಎಡೆಬಿಡದೆ ಕೇಳಿತು. ಕೊರೋನಾ ಕಾಲದಲ್ಲಿ ಅಪ್ಪನ ಹಾಸಿಗೆಯ ಪಕ್ಕದಲ್ಲಿ ಅದನ್ನೇ ಕೇಳಿದ್ದ ಹಿತೇಶನ ಜೀವ ಬಾಯಿಗೆ ಬಂತು.

"ಹಾಕಿ ನೋಣಯ್ಯ, ಬೇಗ ಹಾಕಿ."

ಕಾಂಪೌಂಡು ಹಾರಿ ಒಳಹೊಕ್ಕ. ಮುದುಕಿ ಅಪ್ಪಿಯ ತುಟಿ ನೀಲಿಯಾಗಿತ್ತು. ಆಮ್ಲಜನಕದ ಯಂತ್ರ ಮತ್ತೆ ಗುಂಯ್ ಎನ್ನುತ್ತಿತ್ತು. ಮಗ ಮುಖೇಶ ಅವಳ ಮೂಗಿನ ನಳಿಕೆ ಹಿಡಿದಿದ್ದ. ಕಿಟಕಿಯಿಂದ ಕಪ್ಪು ವಯರೊಂದು ಮೊರಿಸರ ಗೋಡೆಯತ್ತ ಹೋಗಿತ್ತು.

"ನೀನೇ ಎಳೆದದ್ದಾ?"

"ನಾನೇ ಸರ್." ಅವನು ಬೋಳಾರದ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸದವ. "ಪಾಲಿನ ಜಗಳದಲ್ಲಿ ಅಣ್ಣ ಲೈನ್ ತೆಗೆಸಿದ. ಮನೆ ಅವನ ಹೆಸರಲ್ಲಿ ಉಂಟು. ಹೊಸತಕ್ಕೆ ಅವನ ಸಹಿಯೇ ಬೇಕಂತೆ. ಇದು ನಿಂತರೆ ಅಮ್ಮ ಎಷ್ಟು ಹೊತ್ತು ಸರ್?"

ಪಂಚನಾಮೆಯಾದರೆ ವಯರು ಜಪ್ತಿಯಾಗಬೇಕು. ಹಿತೇಶನಿಗೆ ತನ್ನ ಕೆಲಸದ ಮೇಲೆಯೇ ಸಿಟ್ಟು ಬಂತು. ಆ್ಯಂಬುಲೆನ್ಸ್ ಕರೆಸಿ, ಅದು ಬರುವವರೆಗೆ ಯಾರೂ ವಯರು ಮುಟ್ಟಬಾರದೆಂದು ಹೇಳಿ, ಪಂಚನಾಮೆಯ ಕಾಗದ ಬರೆಯದೆ ತೊಡೆಯ ಮೇಲಿಟ್ಟು ಕುಳಿತ. ಅಪ್ಪಿಯನ್ನು ಸಿಲಿಂಡರಿನೊಂದಿಗೆ ಜಿಲ್ಲಾಸ್ಪತ್ರೆಗೆ ಕಳಿಸಿದ ಮೇಲೆ ನೋಣಯ್ಯ ವಯರು ಬಿಚ್ಚಿದ. ಹನ್ನೆರಡು ಗಂಟೆಗೆ ಮುಖೇಶನ ಬಂಧನವಾಯಿತು.

ಜೀಪಿನ ಬಳಿ ಮೊರಿಸ್ ತಡೆದರು.

"ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿದ್ದೆ ಮಾರಾಯ. ಎಂತಕ್ಕೆ ಫೋನ್ ಮಾಡ್ಲಿಲ್ಲ?"

"ಫೋನ್ ಕೈಯಲ್ಲೇ ಇತ್ತು ಅಂಕಲ್," ಎಂದ ಮುಖೇಶ. "ಕೇಳಿದ ಮೇಲೆ ನೀವು ಬೇಡ ಅಂದಿದ್ರೆ, ಮತ್ತೆ ನನಗೆ ಕದಿಯಲಿಕ್ಕೂ ಆಗ್ತಿರಲಿಲ್ಲ."