ಕ್ವಿಜ್ ದಿನವೇ ನೆಟ್ ಹೋಯಿತು

“ನಾನೇನೂ ಮುಟ್ಟಿಲ್ಲ ಮಿಸ್, ದೇವ್ರಾಣೆ.”

ದೀಪು ಹೀಗೆ ಎಷ್ಟು ಸಲ ಹೇಳಿದರೂ ವನಜಾ ಮಿಸ್ ತಿರುಗಿ ನೋಡಲಿಲ್ಲ. ಲ್ಯಾಬಿನ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೂತು, ಕಪ್ಪು ಪರದೆಯ ಮೇಲೆ ಏನೇನೋ ಟೈಪ್ ಮಾಡುತ್ತಿದ್ದರು. ಹನ್ನೊಂದಕ್ಕೆ ಆನ್‌ಲೈನ್ ಕ್ವಿಜ್ ಶುರು. ಅಷ್ಟರೊಳಗೆ ನೆಟ್ ಬರದಿದ್ದರೆ ದಾಸರಹಳ್ಳಿ ಶಾಲೆಯ ಟೀಮ್ ಔಟ್.

“ನಿನ್ನೆ ಇವ್ನೇ ಮಿಸ್, ಸೆಟ್ಟಿಂಗ್ಸ್ ಒಳಗೆ ಹೋಗಿ ವಾಲ್‌ಪೇಪರ್ ಚೇಂಜ್ ಮಾಡಿದ್ದು,” ಎಂದ ಶಶಿಕುಮಾರ್. ಟೀಮಿಗೆ ಸೇರಿಸಿಕೊಳ್ಳಲಿಲ್ಲ ಎಂಬ ಹೊಟ್ಟೆಕಿಚ್ಚು ಅವನಿಗೆ ಇದ್ದೇ ಇತ್ತು.

“ವಾಲ್‌ಪೇಪರ್ ಅಷ್ಟೇ ಕಣೋ.”

“ಸಾಕು. ದೀಪು, ನೀನು ಹೊರಗಿರು. ಇವತ್ತು ನಿನ್ನ ಜಾಗದಲ್ಲಿ ಶಶಿ ಕೂತ್ಕೊಳ್ಲಿ,” ಎಂದರು ಮಿಸ್.

ದೀಪು ಟೀಮಿನ ಕ್ಯಾಪ್ಟನ್. ಆಟ ಬಿಟ್ಟು ಓದಿದ್ದ. ತುಟಿ ಕಚ್ಚಿಕೊಂಡು ಎದ್ದು ಹೋದ. ಪಕ್ಕದಲ್ಲಿದ್ದ ನೀಲಾಂಬಿಕಾಗೆ ಅಯ್ಯೋ ಪಾಪ ಅನ್ನಿಸಿತು. ಅವಳೂ ಟೀಮಿನವಳೇ.

“ಸಿಗ್ನಲ್ ಮೂಲೇಲಿರೋ ರೂಟರ್‌ವರೆಗೆ ಹೋಗ್ತಿದೆ, ಉತ್ತರಾನೂ ಬರ್ತಿದೆ. ಅದರಾಚೆಗೆ ಹೋಗ್ತಿಲ್ಲ,” ಎಂದು ಗೊಣಗುತ್ತ ಮಿಸ್ ಇನ್ನೊಂದು ಕಮಾಂಡ್ ಕೊಟ್ಟರು. ಪರದೆಯ ಮೇಲೆ ಕೆಲವು ಸಾಲು ಮೂಡಿದವು.

“ಇದೇನಿದು? ಹೊರಗೆ ಹೋಗೋಕೆ ಎರಡು ದಾರಿ ತೋರಿಸ್ತಿದೆ. ಒಂದು ರೂಟರ್‌ದು. ಇನ್ನೊಂದು ಯಾವ್ದೋ ಯುಎಸ್‌ಬಿ. ಕಂಪ್ಯೂಟರ್ ಆ ಯುಎಸ್‌ಬಿ ದಾರೀನೇ ಹಿಡಿದಿದೆ. ಮೇನ್ ರೋಡ್ ಬಿಟ್ಟು, ಪೈಪ್‌ಗೆ ಅಗೆದಿರೋ ಗಲ್ಲಿಗೆ ನುಗ್ಗಿದ ಆಟೋ ಥರ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನೀಲಾಳ ಕೈ ಕಾಲ ಬಳಿಯ ಬ್ಯಾಗಿನ ಮೇಲೆ ಹೋಯಿತು. ಒಳಗೆ ಅಮ್ಮನ ಫೋನ್ ಇತ್ತು. ಅದರ ವಯರು ಮೇಜಿನ ಕೆಳಗೆ, ಕಂಪ್ಯೂಟರಿನ ಹಿಂದೆ ಚುಚ್ಚಿಕೊಂಡಿತ್ತು.

ಅಮ್ಮ ಶೇಖವ್ವ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಒಳಗೆ ಫೋನ್ ಬಿಡುವುದಿಲ್ಲ. ಬೆಳಿಗ್ಗೆ ಮನೆಯಲ್ಲಿ ಕರೆಂಟ್ ಇರಲಿಲ್ಲ. “ಸಾಲ್ಯಾಗ ಎಲ್ಲೆರ ಚಾರ್ಜ್ ಮಾಡ್ಕೊಂಡ್ ಬಾ, ಯಾರಿಗೂ ತೋರಸಬ್ಯಾಡ,” ಎಂದು ಅವಳೇ ಕೊಟ್ಟಿದ್ದಳು. ಲ್ಯಾಬ್ ಗುಡಿಸುವ ಸರದಿ ಇವತ್ತು ನೀಲಾಳದು. ಯಾರೂ ಇಲ್ಲದಾಗ ಚುಚ್ಚಿಬಿಟ್ಟಿದ್ದಳು.

ಬರೀ ಚಾರ್ಜಿಂಗ್ ಅಂದುಕೊಂಡಿದ್ದಳು. ಆದರೆ ಅಣ್ಣ ಬಸಲಿಂಗ ಮನೆಯಲ್ಲಿ ಇದೇ ಫೋನನ್ನು ತನ್ನ ಹಳೇ ಲ್ಯಾಪ್‌ಟಾಪಿಗೆ ಚುಚ್ಚಿ ನೆಟ್ ತಗೊಳ್ಳುತ್ತಿದ್ದ. ವಯರು ಹಾಕಿದ ಕೂಡಲೇ ಫೋನೇ ನೆಟ್ ಕೊಡುವ ಹಾಗೆ ಮಾಡಿಟ್ಟಿದ್ದ. ಇವತ್ತಿನ ಡೇಟಾವನ್ನು ಬೆಳಿಗ್ಗೆಯೇ ಖಾಲಿ ಮಾಡಿಯೂ ಇದ್ದ, ಪುಣ್ಯಾತ್ಮ.

ಮಿಸ್ ಹೇಳಿದ ಆ ಯುಎಸ್‌ಬಿ ದಾರಿ ಈ ಫೋನೇ ಎಂದು ನೀಲಾಗೆ ಈಗ ಹೊಳೆಯಿತು. ಶಾಲೆಗೆ ಫೋನ್ ತಂದರೆ ಅದು ಆಫೀಸಿನ ಬೀರು ಸೇರುತ್ತದೆ. ಅಮ್ಮ ಬಂದರೇ ವಾಪಸ್. ಅಮ್ಮ ರಜೆ ಕೇಳಿದರೆ ಸೂಪರ್‌ವೈಸರ್ ಎಲ್ಲರೆದುರು ಬೈಯುತ್ತಾನೆ.

ಅವಳು ಪೆನ್ನು ಬೀಳಿಸಿದಳು. ಎತ್ತಿಕೊಳ್ಳುವ ನೆಪದಲ್ಲಿ ಮೇಜಿನ ಕೆಳಗೆ ತೂರಿ ವಯರು ಎಳೆದಳು.

“ಬಂತು ಮಿಸ್, ನೆಟ್ ಬಂತು,” ಎಂದ ಶಶಿ.

ಮಿಸ್ ಮತ್ತೆ ಅದೇ ಕಮಾಂಡ್ ಕೊಟ್ಟರು. ಯುಎಸ್‌ಬಿಯ ಸಾಲು ಮಾಯವಾಗಿತ್ತು. “ತಾನಾಗೇ ಹೋಯ್ತಾ?” ಎಂದು ಹುಬ್ಬು ಗಂಟಿಕ್ಕಿದರು.

ಬೇರೆ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಯಾರಿಗೂ ಗೊತ್ತಾಗಿಲ್ಲ, ಸದ್ಯ ಬಚಾವಾದೆ ಅಂದುಕೊಂಡು ನೀಲಾ ತಲೆ ಎತ್ತಿದಳು. ಕಿಟಕಿಯಾಚೆ ದೀಪು ನಿಂತಿದ್ದ. ಕಣ್ಣು ಕೆಂಪಾಗಿತ್ತು. ಅವನೂ ಚಪ್ಪಾಳೆ ತಟ್ಟುತ್ತಿದ್ದ.

ನೀಲಾಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು.

“ಮಿಸ್, ದೀಪು ಅಲ್ಲ,” ಎಂದಳು. ಬ್ಯಾಗಿನಿಂದ ಫೋನ್ ತೆಗೆದಳು. “ನಾನು ಇದನ್ನ ಚಾರ್ಜಿಗೆ ಹಾಕಿದ್ದೆ. ಈಗ ಕಿತ್ತಿದ್ದೂ ನಾನೇ.”

ಮಿಸ್ ಫೋನನ್ನೂ ಅವಳನ್ನೂ ನೋಡಿದರು. ಆಮೇಲೆ ಕೈ ಚಾಚಿದರು. “ಅಮ್ಮ ಬಂದು ತಗೊಂಡ್ಹೋಗ್ಲಿ,” ಎಂದು ಫೋನ್ ಇಸಿದುಕೊಂಡರು. ಕಿಟಕಿಯತ್ತ ತಿರುಗಿ, “ದೀಪು, ಒಳಗೆ ಬಾ. ನಂದು ತಪ್ಪಾಯ್ತು ಕಣೋ,” ಎಂದರು.

ಶಶಿ ಮುಖ ಸಣ್ಣದು ಮಾಡಿಕೊಂಡು ಎದ್ದ. ದೀಪು ಬಂದು ಕೂತ.

“ಮೊದ್ಲೇ ಹೇಳೋಕೇನಾಗಿತ್ತು ನಿಂಗೆ?” ಎಂದ ಮೆಲ್ಲಗೆ.

ಅಷ್ಟರಲ್ಲಿ ಪರದೆಯ ಮೇಲೆ ಮೊದಲ ಪ್ರಶ್ನೆ ಬಂತು.

“ಇದು ನಿಂಗೆ ಗೊತ್ತಲ್ವಾ, ಹೇಳು,” ಎಂದ ದೀಪು, ಅವಳನ್ನು ನೋಡದೆ.

ಅವನ ಸಿಟ್ಟು ಇಳಿದಿಲ್ಲ. ಸಂಜೆ ಅಮ್ಮನ ಸಿಟ್ಟೂ ಕಾದಿದೆ. ಆದರೂ ಈಗ ಅವನ ಪಕ್ಕ ಕೂತು ಅವನ ಮುಖ ನೋಡಲು ಅವಳಿಗೆ ಆಗುತ್ತಿತ್ತು.